ಉಪಮೆಯೂ ತಶ್ಬೀಹೂ: ಕುಲುಮೆಯ ಮನೆಯಿಂದ ಬಂದ ಒಂದು ಪತ್ರ

ಪ್ರತಿ ತಿಂಗಳು ಈ ಪುಟಗಳಲ್ಲಿ ಜುಮಾ ಖುತ್ಬಾಗಳ ಸಾರಾಂಶ ಕೊಡುತ್ತ ಬಂದಿದ್ದೇವೆ. ಅರ್ಧ ಗಂಟೆಯ ಮಾತನ್ನು ಒಂದು ಪುಟಕ್ಕೆ ಇಳಿಸಬೇಕು. ಖತೀಬರು ಉರ್ದುವಿನಲ್ಲೋ ಬ್ಯಾರಿಯಲ್ಲೋ ಹೇಳಿದ್ದನ್ನು ಕನ್ನಡಕ್ಕೆ ತರಬೇಕು. ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಹೋಲಿಕೆಗಳಿಗೆ. ವಿಷಯ ಉಳಿದರೆ ಸಾಕು, ಹೋಲಿಕೆ ಬರೀ ಸಿಂಗಾರ ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು.

ಆ ಲೆಕ್ಕಾಚಾರ ತಪ್ಪೆಂದು ತಿಳಿಸಿದ್ದು ಓದುಗರೊಬ್ಬರ ಪತ್ರ. ಗೆಳೆತನದ ಕುರಿತಾದ ಖುತ್ಬಾವನ್ನು ಸಂಗ್ರಹಿಸುವಾಗ ನಾವು, ಒಳ್ಳೆಯ ಗೆಳೆಯ ಅತ್ತರಿನ ವ್ಯಾಪಾರಿ, ಕೆಟ್ಟ ಗೆಳೆಯ ಕಮ್ಮಾರ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ಪತ್ರ ಬರೆದವರದು ಮೂರು ತಲೆಮಾರುಗಳಿಂದ ಕುಲುಮೆ ನಡೆಸುತ್ತಿರುವ ಮನೆತನ. ಕುಡುಗೋಲು, ಕೊಡಲಿ, ನೇಗಿಲ ಗುಳ ತಟ್ಟಿ ಹದ ಮಾಡಿಕೊಡುವ ಕೈಗಳು. ಹತ್ತನೇ ತರಗತಿಯಲ್ಲಿ ಓದುವ ಮಗ ನಮ್ಮ ಪುಟವನ್ನು ಹಿಡಿದು ಬಂದು, "ಅಬ್ಬಾ, ಕಮ್ಮಾರರು ಕೆಟ್ಟವರಾ?" ಎಂದು ಕೇಳಿದನಂತೆ. "ನಮ್ಮ ಕಸುಬು ದೀನಿನಲ್ಲಿ ಕೀಳೇ? ಅವನಿಗೆ ಏನು ಉತ್ತರ ಕೊಡಲಿ?" ಎಂದು ಪತ್ರದ ಕೊನೆಯಲ್ಲಿ ಬರೆದಿದ್ದರು.

ತಪ್ಪು ನಮ್ಮದು. ಉತ್ತರ ಕೊಡಲು ಕುಳಿತಾಗ ನಮ್ಮ ನೆರವಿಗೆ ಬಂದದ್ದು, ಆ ಹುಡುಗ ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಿರಬಹುದಾದ ಕನ್ನಡ ವ್ಯಾಕರಣದ ಅಲಂಕಾರ ಪ್ರಕರಣವೇ.

ನಾಲ್ಕು ಅಂಗಗಳು

ಉಪಮಾಲಂಕಾರಕ್ಕೆ ನಾಲ್ಕು ಅಂಗಗಳೆಂದು ಶಾಲೆಯಲ್ಲಿ ಕಲಿಸುತ್ತಾರೆ. ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. 'ಹಾಗೆ', 'ಅಂತೆ', 'ಹಾಗೆಯೇ' ಎಂಬಂಥ ಪದ ಉಪಮಾವಾಚಕ. ಎರಡರಲ್ಲೂ ಇರುವ ಸಮಾನ ಗುಣವೇ ಸಮಾನಧರ್ಮ. ಇಲ್ಲಿ 'ಧರ್ಮ' ಎಂದರೆ ಮತವಲ್ಲ, ಗುಣ ಅಥವಾ ಸ್ವಭಾವ ಎಂದಷ್ಟೇ ಅರ್ಥ. ಈ ಪದ ಕಂಡು ಗಲಿಬಿಲಿಗೊಂಡ ಮಕ್ಕಳನ್ನು ನಾವು ನೋಡಿದ್ದೇವೆ. "ಮಗುವಿನ ಕೆನ್ನೆ ಹತ್ತಿಯ ಹಾಗೆ ಮೃದುವಾಗಿದೆ" ಎಂಬಲ್ಲಿ ಕೆನ್ನೆ ಉಪಮೇಯ, ಹತ್ತಿ ಉಪಮಾನ, 'ಹಾಗೆ' ವಾಚಕ, ಮೃದುತ್ವ ಸಮಾನಧರ್ಮ. ಕೆನ್ನೆ ಬೆಳ್ಳಗಿದೆಯೆಂದೋ ಅದನ್ನು ನೂಲಬಹುದೆಂದೋ ಯಾರೂ ಅರ್ಥ ಮಾಡುವುದಿಲ್ಲ. ಹತ್ತಿಗೆ ಇರುವ ಹತ್ತಾರು ಗುಣಗಳಲ್ಲಿ ಒಂದನ್ನು ಮಾತ್ರ ಆ ವಾಕ್ಯ ಎತ್ತಿಕೊಂಡಿದೆ.

ಈಗ ಹದೀಸಿಗೆ ಬರೋಣ. ಅಬೂ ಮೂಸಾ ಅಲ್-ಅಶ್‌ಅರೀ(ರ) ವರದಿ ಮಾಡಿದ ಈ ವಚನ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅಲ್ಲಿ ಒಳ್ಳೆಯ ಸಂಗಾತಿಯನ್ನು ಕಸ್ತೂರಿ ಹೊತ್ತವನಿಗೂ ಕೆಟ್ಟ ಸಂಗಾತಿಯನ್ನು ತಿದಿ ಊದುವವನಿಗೂ ಹೋಲಿಸಲಾಗಿದೆ. ಅಷ್ಟಕ್ಕೇ ನಿಲ್ಲಿಸದೆ, ಯಾವ ವಿಷಯದಲ್ಲಿ ಹೋಲಿಕೆ ಎಂಬುದನ್ನೂ ಪ್ರವಾದಿವರ್ಯರು(ಸ) ಬಿಡಿಸಿ ಹೇಳಿದ್ದಾರೆ. ಕಸ್ತೂರಿಯವನ ಬಳಿ ಕುಳಿತರೆ ಅವನು ಸ್ವಲ್ಪ ಕೊಟ್ಟಾನು, ಇಲ್ಲವೇ ನೀವು ಕೊಂಡೀರಿ, ಏನೂ ಇಲ್ಲದಿದ್ದರೆ ಪರಿಮಳವಾದರೂ ತಾಕುತ್ತದೆ. ತಿದಿಯ ಬಳಿ ಕುಳಿತರೆ ಕಿಡಿ ಹಾರಿ ಬಟ್ಟೆ ಸುಟ್ಟೀತು, ಇಲ್ಲವೇ ಕೆಟ್ಟ ವಾಸನೆ ಹತ್ತೀತು. ಅಂದರೆ ಇಲ್ಲಿನ ಸಮಾನಧರ್ಮ ಕಸುಬಲ್ಲ, ಕಸುಬುದಾರನ ನಡತೆಯೂ ಅಲ್ಲ. ಪಕ್ಕದಲ್ಲಿ ಸುಮ್ಮನೆ ಕುಳಿತವನಿಗೂ ಏನಾದರೊಂದು ಅಂಟಿಯೇ ಅಂಟುತ್ತದೆ ಎಂಬುದಷ್ಟೇ. ನಾವು ನಾಲ್ಕರಲ್ಲಿ ಎರಡು ಅಂಗಗಳನ್ನು ಕತ್ತರಿಸಿಬಿಟ್ಟೆವು. 'ಹಾಗೆ' ಹೋಯಿತು, ಸಮಾನಧರ್ಮವೂ ಹೋಯಿತು. ಉಳಿದ 'ಕೆಟ್ಟ ಗೆಳೆಯ ಕಮ್ಮಾರ' ಎಂಬುದು ಒಂದು ಮನೆಯ ಅನ್ನದ ಮೇಲೆ ಬಿದ್ದ ಮಾತಾಯಿತು.

ಕಸುಬಿನ ಪ್ರಶ್ನೆಗೂ ಉತ್ತರ ಹೇಳಲೇಬೇಕು. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟದ್ದು, ಅವರು ಕವಚಗಳನ್ನು ಮಾಡಿದ್ದು ಸೂರಃ ಸಬಅ್‌ನಲ್ಲಿ (34:10-11) ಇದೆ. ಇಸ್ಲಾಮಿಗೆ ಮೊದಮೊದಲು ಬಂದವರಲ್ಲೊಬ್ಬರಾದ ಖಬ್ಬಾಬ್ ಬಿನ್ ಅಲ್-ಅರತ್ತ್(ರ) ಮಕ್ಕಾದ ಕಮ್ಮಾರ. ದುಡಿದ ಕೂಲಿ ಕೇಳಲು ಹೋದಾಗ, ಮುಹಮ್ಮದರನ್ನು ತೊರೆದರೆ ಮಾತ್ರ ಹಣ ಎಂದ ಶ್ರೀಮಂತನಿಗೆ ಅವರು ಮಣಿಯಲಿಲ್ಲ. ಇನ್ನೂ ಹತ್ತಿರದ ಸಂಗತಿ ಒಂದಿದೆ. ಪ್ರವಾದಿವರ್ಯರ(ಸ) ಕೂಸು ಇಬ್ರಾಹೀಮ್ ಹಾಲುಂಡು ಬೆಳೆದದ್ದು ಮದೀನಾದ ಅಬೂ ಸೈಫ್ ಎಂಬ ಕಮ್ಮಾರರ ಮನೆಯಲ್ಲಿ. ಪ್ರವಾದಿವರ್ಯರು(ಸ) ಮಗನನ್ನು ನೋಡಲು ಹೋದಾಗ ಅಬೂ ಸೈಫ್ ತಿದಿ ಊದುತ್ತಿದ್ದರು, ಮನೆ ತುಂಬ ಹೊಗೆ. ಜೊತೆಗಿದ್ದ ಅನಸ್(ರ) ಮುಂದೆ ಓಡಿ, ಸ್ವಲ್ಪ ನಿಲ್ಲಿಸಿ, ಪ್ರವಾದಿವರ್ಯರು ಬರುತ್ತಿದ್ದಾರೆ ಎಂದು ತಿಳಿಸಿದರು. ಅವರು ಒಳಗೆ ಬಂದು ಮಗುವನ್ನು ತರಿಸಿ ಎದೆಗೆ ಅಪ್ಪಿಕೊಂಡರು. ತಿದಿಯ ಹೋಲಿಕೆ ಕೊಟ್ಟವರೇ ತಿದಿಯ ಮನೆಯಲ್ಲಿ ತಮ್ಮ ಕೂಸನ್ನು ಬೆಳೆಸಲು ಬಿಟ್ಟಿದ್ದರು.

ಒಂದೇ ಮನೆ, ಎರಡು ಪುಸ್ತಕ

ನಮ್ಮ ಎಷ್ಟೋ ಮನೆಗಳಲ್ಲಿ ಅಕ್ಕ ಉರ್ದು ಮಾಧ್ಯಮದಲ್ಲಿ, ತಮ್ಮ ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. ಒಂದೇ ಚಾಪೆಯ ಮೇಲೆ ಕುಳಿತು ಅಕ್ಕ 'ತಶ್ಬೀಹ್' ಎಂದೂ ತಮ್ಮ 'ಉಪಮೆ' ಎಂದೂ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಓದುತ್ತಿರುವುದು ಒಂದನ್ನೇ ಎಂದು ಇಬ್ಬರಿಗೂ ಯಾರೂ ಹೇಳಿರುವುದಿಲ್ಲ. ತಶ್ಬೀಹ್‌ಗೂ ಅರಬಿ ವಿದ್ವಾಂಸರು ನಾಲ್ಕೇ ಅಂಗಗಳನ್ನು ಹೇಳಿದ್ದಾರೆ. ಮುಶಬ್ಬಹ್ ಎಂದರೆ ಉಪಮೇಯ. ಮುಶಬ್ಬಹ್ ಬಿಹೀ ಎಂದರೆ ಉಪಮಾನ. ಅದಾತ್ ಎಂದರೆ ವಾಚಕ. ವಜ್ಹುಶ್ಶಬಹ್ ಎಂದರೆ ಸಮಾನಧರ್ಮ. ಪದಕ್ಕೆ ಪದ ಇಟ್ಟ ಹಾಗೆ ಕೂತುಕೊಳ್ಳುತ್ತವೆ.

ಕಾಲವೂ ಹೆಚ್ಚು ದೂರದ್ದಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಕಾವ್ಯದ ಗುಣದೋಷ, ಅಲಂಕಾರಗಳನ್ನು ವಿವರಿಸುವ 'ಕವಿರಾಜಮಾರ್ಗ'. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ಹುಟ್ಟಿದ್ದು. ಅದೇ ಶತಮಾನದಲ್ಲಿ ಬಗ್ದಾದಿನಲ್ಲಿ ಅಬ್ಬಾಸೀ ರಾಜಕುಮಾರ ಇಬ್ನುಲ್ ಮುಅ್‌ತಝ್ಝ್ 'ಕಿತಾಬುಲ್ ಬದೀಅ್' ಬರೆದರು (ಹಿಜರಿ 274). ಅರಬಿ ಅಲಂಕಾರಗಳ ಬಗ್ಗೆಯೇ ಬರೆದ ಮೊದಲ ಪುಸ್ತಕವೆಂದು ಅದನ್ನು ಎಣಿಸುತ್ತಾರೆ. ಪಾಪ, ಆ ಪಂಡಿತರನ್ನು ಮುಂದೆ ಖಲೀಫರ ಗದ್ದುಗೆಯಲ್ಲಿ ಕೂರಿಸಿದರು, ಒಂದೇ ದಿನದಲ್ಲಿ ಇಳಿಸಿ ಕೊಂದೂಬಿಟ್ಟರು. ಅರಬ್ ವರ್ತಕರಿಗೆ ರಾಷ್ಟ್ರಕೂಟರು ಅಪರಿಚಿತರಾಗಿರಲಿಲ್ಲ. 851ರ ಅರಬಿ ಪ್ರವಾಸ ಕಥನದಲ್ಲಿ 'ಬಲ್ಹರಾ' ಎಂಬ ಹೆಸರಿನಲ್ಲಿ ಅವರ ಅರಸನನ್ನು ಜಗತ್ತಿನ ದೊಡ್ಡ ರಾಜರ ಸಾಲಿನಲ್ಲಿ ಹೆಸರಿಸಲಾಗಿದೆ. ಇವರು ಅವರಿಂದ ಕಲಿತರು, ಅವರು ಇವರಿಂದ ಕಲಿತರು ಎಂದು ನಾವು ಹೇಳುತ್ತಿಲ್ಲ. ಆಡುವ ಮಾತನ್ನು ಗಮನವಿಟ್ಟು ಕೇಳಿದವರು ಎಲ್ಲಿದ್ದರೂ ಒಂದೇ ತರಹದ ಸಂಗತಿಗಳನ್ನು ಕಾಣುತ್ತಾರೆ.

ಮದ್ರಸಗಳಲ್ಲಿ ಇಂದಿಗೂ ಬಲಾಗಾ ಎಂಬ ವಿಷಯದಲ್ಲಿ ಇದನ್ನು ಓದುತ್ತಾರೆ. ತಫ್ತಾಝಾನಿಯವರ 'ಮುಖ್ತಸರುಲ್ ಮಆನೀ' ಓದಿದ ಆಲಿಮರು ನಮ್ಮ ಊರುಗಳಲ್ಲೇ ಇದ್ದಾರೆ. ಕನ್ನಡದ ಮೇಷ್ಟ್ರು ಹಾಗೂ ಮಸೀದಿಯ ಉಸ್ತಾದರು ಒಮ್ಮೆ ಎದುರುಬದುರು ಕುಳಿತರೆ ಅವರಿಗೆ ಮಾತಿಗೆ ಬರವಿರದು.

'ಹಾಗೆ'ಯನ್ನು ಬಿಟ್ಟರೆ

'ಹಾಗೆ' ಎಂಬುದನ್ನು ಬೇಕೆಂದೇ ಬಿಟ್ಟು, ಇದೇ ಅದು ಎಂದು ಹೇಳಿದರೆ ಅದು ರೂಪಕ. "ತಾಯಿಯ ಮಡಿಲೇ ಮೊದಲ ಮದ್ರಸಾ" ಎನ್ನುವಾಗ ಮಡಿಲಿಗೆ ಗೋಡೆ, ಕಪ್ಪುಹಲಗೆ ಹುಡುಕುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಉಪಮೇಯವನ್ನೇ ಮರೆಮಾಡಿ ಉಪಮಾನವನ್ನು ಮಾತ್ರ ಹೇಳಿದರೆ ಅರಬಿ, ಉರ್ದುವಿನಲ್ಲಿ ಅದನ್ನು ಇಸ್ತಿಆರಾ ಎನ್ನುತ್ತಾರೆ. 'ಸಾಲ ಪಡೆಯುವುದು' ಎಂಬುದು ಆ ಪದದ ಮೂಲಾರ್ಥ. ಒಂದರ ಹೆಸರನ್ನು ಇನ್ನೊಂದಕ್ಕೆ ಎರವಲು ತರುವುದು. ಕನ್ನಡ ಶಾಲೆಯಲ್ಲಿ ರೂಪಕವೆನ್ನುವುದನ್ನು ಅರಬಿ ಪಂಡಿತರು ತಶ್ಬೀಹಿನ ಒಂದು ಬಗೆಯಾಗಿಯೇ ಎಣಿಸುತ್ತಾರೆ ಎಂಬ ಸಣ್ಣ ವ್ಯತ್ಯಾಸವನ್ನು ಎರಡೂ ಓದುವ ಮಕ್ಕಳು ನೆನಪಿಟ್ಟುಕೊಳ್ಳಬೇಕು.

ಇದಕ್ಕೆ ಬಲು ಸೊಗಸಾದ ಉದಾಹರಣೆ ಅಂಜಶಾ ಎಂಬವರ ಪ್ರಸಂಗ. ಅವರು ಹಾಡುತ್ತ ಒಂಟೆ ಹೊಡೆಯುವವರು, ಕಂಠ ಚೆನ್ನಾಗಿತ್ತು. ಹಾಡಿನ ಲಯಕ್ಕೆ ಒಂಟೆಗಳು ವೇಗ ಹೆಚ್ಚಿಸಿದವು. ಮೇಲೆ ಹೆಂಗಸರು ಕುಳಿತಿದ್ದರು. ಆಗ ಪ್ರವಾದಿವರ್ಯರು(ಸ) ಗಾಜಿನ ಪಾತ್ರೆಗಳಿವೆ, ಮೆಲ್ಲಗೆ ನಡೆಸು ಎಂಬರ್ಥದ ಮಾತು ಹೇಳಿದರು. ಹೆಂಗಸರು ಎಂಬ ಪದವೇ ಅಲ್ಲಿಲ್ಲ, ಆದರೆ ಅಂಜಶಾರಿಗೆ ಅರ್ಥವಾಯಿತು. ನಮ್ಮ ಊರ ಬಸ್ಸುಗಳ ಡ್ರೈವರುಗಳಿಗೂ ಯಾರಾದರೂ ಹೀಗೆ ಹೇಳಬೇಕಿತ್ತು ಅನ್ನಿಸುವುದುಂಟು.

ಕೇಳಿದವನಿಗೆ ಅರ್ಥವಾಗದೆ ಹೋದದ್ದೂ ಉಂಟು. ಉಪವಾಸದ ರಾತ್ರಿ ಬಿಳಿ ದಾರ ಕಪ್ಪು ದಾರದಿಂದ ಬೇರೆಯಾಗಿ ಕಾಣುವವರೆಗೆ ಉಣ್ಣಬಹುದು ಎಂಬ ವಿಧಿ ಸೂರಃ ಅಲ್-ಬಕರಃದಲ್ಲಿ (2:187) ಇದೆಯಷ್ಟೆ. ಅದಿಯ್ಯ್ ಬಿನ್ ಹಾತಿಮ್(ರ) ನಿಜವಾಗಿಯೂ ಒಂದು ಬಿಳಿ, ಒಂದು ಕಪ್ಪು ಹಗ್ಗವನ್ನು ದಿಂಬಿನ ಕೆಳಗಿಟ್ಟುಕೊಂಡು ರಾತ್ರಿಯೆಲ್ಲ ನೋಡಿದರು. ಎರಡೂ ಒಂದೇ ತರಹ ಕಂಡವು. ಬೆಳಗ್ಗೆ ಬಂದು ಹೇಳಿದಾಗ ಪ್ರವಾದಿವರ್ಯರು(ಸ), ಅದು ರಾತ್ರಿಯ ಕಪ್ಪು, ಹಗಲಿನ ಬಿಳುಪು ಎಂದು ತಿಳಿಸಿದರು. ಜೊತೆಗೆ, ಆ ಎರಡು ದಾರಗಳು ನಿನ್ನ ದಿಂಬಿನಡಿ ಹಿಡಿಸಿದವೆಂದರೆ ನಿನ್ನ ದಿಂಬು ಭಾರೀ ಅಗಲವೇ ಸರಿ ಎಂದು ನಗೆಯಾಡಿದರು. ಇಡೀ ಆಕಾಶವೇ ದಿಂಬಿನಡಿ ಬಂದಂತಾಯಿತಲ್ಲ! ಇನ್ನು ಕೆಲವರು ಕಾಲಿಗೆ ದಾರ ಕಟ್ಟಿಕೊಂಡು ಕಾಯುತ್ತಿದ್ದರೆಂದೂ ಬುಖಾರಿಯಲ್ಲಿದೆ. ಇವರೆಲ್ಲ ಅರಬಿಯನ್ನು ತಾಯಿಭಾಷೆಯಾಗಿ ಉಳ್ಳವರು, ಸ್ವತಃ ಸಹಾಬಿಗಳು. ಅವರಿಗೇ ರೂಪಕವೊಂದು ಮೊದಲ ಸಲ ತಪ್ಪಿಹೋಗಬಹುದಾದರೆ, ಅನುವಾದದಲ್ಲಿ ಓದುವ ನಾವು ಎಷ್ಟು ಎಚ್ಚರವಾಗಿರಬೇಕು? ಕೇಳಿದ್ದಕ್ಕೆ ಅದಿಯ್ಯ್(ರ) ಗದರಿಕೆ ತಿನ್ನಲಿಲ್ಲ, ಉತ್ತರ ಪಡೆದರು ಎಂಬುದನ್ನೂ ಗಮನಿಸಬೇಕು. ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸುವ ಹಿರಿಯರು ನಮ್ಮಲ್ಲಿ ಇದ್ದಾರೆ.

ಬೂದಿ, ಕೈ ಮತ್ತು ಊರು

ಎಲ್ಲ ಮರೆಮಾತೂ ಹೋಲಿಕೆಯಲ್ಲ. ಅರಬರು ಒಬ್ಬನನ್ನು ಹೊಗಳುವಾಗ, ಅವನ ಮನೆಯಲ್ಲಿ ಬೂದಿ ಬಹಳ ಎನ್ನುತ್ತಿದ್ದರು. ಬೂದಿ ಬಹಳವೆಂದರೆ ಒಲೆ ಸದಾ ಉರಿಯುತ್ತದೆ, ಉರಿಯುತ್ತದೆಂದರೆ ಅಡುಗೆ ಹೆಚ್ಚು, ಹೆಚ್ಚೆಂದರೆ ಅತಿಥಿಗಳು ಬಹಳ, ಆದ್ದರಿಂದ ಮನುಷ್ಯ ಉದಾರಿ. ಹೀಗೆ ಒಂದು ಮಾತಿನಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿಸುವುದೇ ಕಿನಾಯಾ. ಕ್ಯಾಸ್ಪಿಯನ್ ಸಮುದ್ರದ ಬಳಿಯ ಜುರ್ಜಾನ್ ಪಟ್ಟಣದ ಅಬ್ದುಲ್ ಕಾಹಿರ್ ಅಲ್-ಜುರ್ಜಾನೀ (ನಿಧನ ಹಿಜರಿ 471) ಇದನ್ನು 'ಅರ್ಥದ ಅರ್ಥ' ಎಂದು ಕರೆದರು. ಪದಗಳು ಒಂದು ಅರ್ಥ ಕೊಡುತ್ತವೆ, ಆ ಅರ್ಥ ನಮ್ಮನ್ನು ಎರಡನೆಯದಕ್ಕೆ ಒಯ್ಯುತ್ತದೆ. ನಮ್ಮ ನಾಡಿನ ಕಾವ್ಯಮೀಮಾಂಸೆ ವಾಚ್ಯಾರ್ಥ, ಲಕ್ಷ್ಯಾರ್ಥ, ವ್ಯಂಗ್ಯಾರ್ಥ ಎಂದು ಹೇಳುವುದೂ ಈ ಮೆಟ್ಟಿಲುಗಳನ್ನೇ. ಕಾಶ್ಮೀರದ ಆನಂದವರ್ಧನ ಅದನ್ನು ಧ್ವನಿ ಎಂದ. ಹೆಸರು ದೊಡ್ಡವು, ಆದರೆ ಬಳಕೆ ಅಡುಗೆಮನೆಯದು. 'ಅವನ ಕೈ ಬಿಗಿ', 'ಹೊಟ್ಟೆಗೆ ತಣ್ಣೀರು ಬಟ್ಟೆ' ಎಂದು ನಮ್ಮ ತಾಯಂದಿರು ಯಾವ ವ್ಯಾಕರಣವನ್ನೂ ಓದದೆ ಹೇಳುತ್ತಾರೆ.

ಪ್ರವಾದಿವರ್ಯರು(ಸ) ತಮ್ಮ ಪತ್ನಿಯರಿಗೆ, ತಮ್ಮ ನಂತರ ತಮ್ಮನ್ನು ಮೊದಲು ಸೇರುವವರು ಅವರಲ್ಲಿ ಅತ್ಯಂತ ಉದ್ದ ಕೈಯವರು ಎಂದಿದ್ದರು. ಅವರು ಕೈಗೆ ಕೈ ಹಚ್ಚಿ ಅಳೆದು ನೋಡಿದರಂತೆ. ಮೊದಲು ತೀರಿಕೊಂಡವರು ಝೈನಬ್ ಬಿಂತ್ ಜಹ್ಶ್(ರ). ಅವರು ಕೈಕೆಲಸ ಮಾಡಿ ಸಂಪಾದಿಸಿ ದಾನ ಮಾಡುತ್ತಿದ್ದವರು. ಉದ್ದ ಕೈ ಎಂದರೆ ಕೊಡುವ ಕೈ ಎಂದು ಆಗ ತಿಳಿಯಿತೆಂಬುದು ಮುಸ್ಲಿಮ್‌ನ ವರದಿ. ಈ ಪ್ರಸಂಗವನ್ನು ಓದುವಾಗಲೆಲ್ಲ ಕೈ ಅಳೆಯುತ್ತಿರುವ ಆ ಮನೆಯ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ತಾಯಿಯ ಪಾದದಡಿ ಸ್ವರ್ಗ ಎಂದು ಕೇಳಿದ ಪುಟ್ಟ ಮಗು ಅಮ್ಮೀಯ ಕಾಲೆತ್ತಿ ನೋಡಿದರೆ ನಗಬೇಕು, ಗದರಬಾರದು.

ಇನ್ನೊಂದು ಬಗೆಯಲ್ಲಿ ಹೋಲಿಕೆಯೂ ಇಲ್ಲ, ಮೆಟ್ಟಿಲೂ ಇಲ್ಲ, ಬರೀ ನಂಟು. "ನಿಕಾಹಿಗೆ ಇಡೀ ಊರೇ ಬಂದಿತ್ತು" ಎಂದರೆ ಮನೆ, ಬಾವಿ, ರಸ್ತೆಗಳು ಬರಲಿಲ್ಲ, ಜನ ಬಂದರು. ಪ್ರವಾದಿ ಯೂಸುಫ್(ಅ)ರ ಸಹೋದರರು ತಂದೆಗೆ, ನಾವಿದ್ದ ಊರನ್ನೇ ವಿಚಾರಿಸಿ ಎಂದದ್ದೂ (12:82) ಇದೇ ಬಗೆ. ಕನ್ನಡದಲ್ಲಿ ಇದು ಲಕ್ಷಣೆಗೆ ಸೇರುತ್ತದೆ, ಅರಬಿಯಲ್ಲಿ ಮಜಾಝ್ ಮುರ್ಸಲ್‌ಗೆ.

ಶ್ಲೇಷೆಯನ್ನು ಬೇಗ ಹೇಳಿ ಮುಗಿಸುತ್ತೇವೆ. ಒಂದು ಪದ, ಎರಡು ಅರ್ಥ. ಮಟನ್ ಅಂಗಡಿಯಲ್ಲಿ "ಕಾಲು ಕೊಡಿ" ಎಂದರೆ ಕಾಲು ಕಿಲೋವೋ ಪಾಯಾಕ್ಕೆ ಬೇಕಾದ ಕಾಲೋ? ಹಿಜ್ರತ್ತಿನ ದಾರಿಯಲ್ಲಿ ಪ್ರವಾದಿವರ್ಯರ(ಸ) ಕುರಿತು ಇವರು ಯಾರೆಂದು ಕೇಳಿದವರಿಗೆ ಅಬೂಬಕರ್(ರ), ನನಗೆ ದಾರಿ ತೋರಿಸುವವರು ಎಂದರು. ಕೇಳಿದವನು ಮರುಭೂಮಿಯ ದಾರಿ ಎಂದುಕೊಂಡ, ಹೇಳಿದವರ ಮನಸ್ಸಿನಲ್ಲಿದ್ದದ್ದು ಸನ್ಮಾರ್ಗ. ಸುಳ್ಳೂ ಆಗಲಿಲ್ಲ, ಜೀವವೂ ಉಳಿಯಿತು. ಇದು ತೌರಿಯಾ. ಸವಾರಿಗೆ ಒಂಟೆ ಕೇಳಿ ಬಂದವನಿಗೆ, ಹೆಣ್ಣೊಂಟೆಯ ಮರಿಯ ಮೇಲೆ ಕೂರಿಸುತ್ತೇನೆ ಎಂದ ಪ್ರವಾದಿವರ್ಯರ(ಸ) ವಿನೋದವೂ ಇದೇ ದಾರಿಯದು. ಮರಿಯನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಆತ ಚಿಂತೆಗೆ ಬಿದ್ದ. ಎಷ್ಟೇ ದೊಡ್ಡ ಒಂಟೆಯೂ ಒಂದು ಹೆಣ್ಣೊಂಟೆಯ ಮರಿಯೇ ತಾನೆ!

ಎಲ್ಲಿ ನಿಲ್ಲಬೇಕು

ಇಷ್ಟು ಓದಿದವರಿಗೆ ಒಂದು ಸಂದೇಹ ಬರಬೇಕು. ಹಾಗಾದರೆ ಎಲ್ಲವನ್ನೂ ರೂಪಕ ಎಂದುಬಿಡಬಹುದೇ? ನಮಾಝ್ ಎಂದರೆ ಮನಸ್ಸಿನ ಶುದ್ಧಿ ಅಷ್ಟೆ, ಉಪವಾಸವೆಂದರೆ ಸಂಯಮದ ಸಂಕೇತ ಅಷ್ಟೆ ಎಂದು ಜಾರಿಕೊಳ್ಳುವವರಿದ್ದಾರೆ. ಅದಕ್ಕೇ ವಿದ್ವಾಂಸರು ಒಂದು ಬೇಲಿ ಹಾಕಿದ್ದಾರೆ. ಮಾತಿಗೆ ಮೊದಲ ಹಕ್ಕು ಅದರ ನೇರ ಅರ್ಥದ್ದು. ಅದನ್ನು ಬಿಟ್ಟು ಬೇರೆ ಅರ್ಥಕ್ಕೆ ಹೋಗಬೇಕಾದರೆ ಸುಳಿವು ಬೇಕು. ಆ ಸುಳಿವಿಗೆ ಕರೀನಾ ಎಂದು ಹೆಸರು. "ಮಿಂಬರಿನ ಮೇಲೆ ಸಿಂಹವೊಂದು ಖುತ್ಬಾ ಕೊಡುತ್ತಿತ್ತು" ಎಂದರೆ ಮಿಂಬರ್ ಮತ್ತು ಖುತ್ಬಾ ಎಂಬ ಪದಗಳೇ ಸುಳಿವು, ಸಿಂಹ ಎಂದರೆ ಧೀರ ಖತೀಬರು. "ಕಾಡಿನಲ್ಲಿ ಸಿಂಹ ಕಂಡೆ" ಎಂದರೆ ಸುಳಿವಿಲ್ಲ, ಓಡುವುದೇ ಲೇಸು. ನಮಾಝನ್ನು ಸಮಯ, ರಕಅತ್ ಸಹಿತ ಪ್ರವಾದಿವರ್ಯರು(ಸ) ಮಾಡಿ ತೋರಿಸಿರುವಾಗ ಅದನ್ನು ಸಂಕೇತವೆನ್ನಲು ಸುಳಿವೆಲ್ಲಿದೆ?

ಕುರ್‌ಆನಿನಲ್ಲಿ ಮಜಾಝ್ ಇದೆ ಎಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಇಮಾಮ್ ಇಬ್ನು ತೈಮಿಯ್ಯಃ ಆ ವಿಭಾಗವನ್ನೇ ಒಪ್ಪಲಿಲ್ಲ. ಅರಬರು ಸಂದರ್ಭದಲ್ಲಿ ಏನು ಅರ್ಥ ಮಾಡಿಕೊಳ್ಳುತ್ತಿದ್ದರೋ ಅದೇ ಆ ಮಾತಿನ ಅರ್ಥ ಎಂಬುದು ಅವರ ವಾದ. ಅಲ್ಲಾಹನ ಗುಣವಿಶೇಷಗಳು, ಪರಲೋಕ ಮುಂತಾದ ವಿಷಯಗಳಲ್ಲಿ ಶಾಲೆಯ ಅಲಂಕಾರ ಪಾಠದ ಬಲದಿಂದ ನಾವು ನೀವು ತೀರ್ಪು ಹೇಳಲು ಹೊರಡಬಾರದು, ಅದು ಬಲ್ಲ ಉಲಮಾರ ಕೆಲಸ. ಆದರೆ ಪ್ರಶ್ನೆ ಕೇಳಲು ಅಡ್ಡಿಯಿಲ್ಲ. ನರಕದ ಮರದ ಫಲವನ್ನು ಶೈತಾನರ ತಲೆಗಳಿಗೆ ಹೋಲಿಸಿದ್ದನ್ನು (37:65) ಎತ್ತಿ, ಯಾರೂ ನೋಡಿಲ್ಲದ್ದಕ್ಕೆ ಹೋಲಿಸುವುದು ಹೇಗೆ ಎಂದು ಅಬೂ ಉಬೈದಾ ಎಂಬ ಭಾಷಾಪಂಡಿತರನ್ನು ಒಬ್ಬರು ಕೇಳಿದರಂತೆ. ಕಾಣದ ಭೂತದ ಭೀತಿಯನ್ನು ಅರಬರು ಬಲ್ಲರು, ಅವರ ಕಾವ್ಯದಲ್ಲೂ ಅಂಥದ್ದಿದೆ ಎಂದು ಉತ್ತರಿಸಿದ ಅವರು ಆ ಪ್ರಶ್ನೆಯ ದೆಸೆಯಿಂದಲೇ 'ಮಜಾಝುಲ್ ಕುರ್‌ಆನ್' ಬರೆಯಲು ಕುಳಿತರೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ನಾವೂ ದೆವ್ವ ನೋಡದೆಯೇ 'ದೆವ್ವದಂಥ ಮಳೆ' ಎನ್ನುತ್ತೇವೆ.

ಮಾತು ಯಾರದು?

ಕಥೆ, ಕಾದಂಬರಿಗಳಿಗೆ ಬಂದಾಗ ನಮ್ಮ ಮನೆಗಳಲ್ಲಿ ಹೆಚ್ಚು ಜಗಳ ತಂದಿರುವುದು ಅಲಂಕಾರಗಳಲ್ಲ. ಲೇಖಕ, ನಿರೂಪಕ, ಪಾತ್ರ ಎಂಬ ಮೂವರನ್ನು ಒಬ್ಬರೇ ಎಂದು ತಿಳಿಯುವುದು. ಪುಸ್ತಕದ ಮೇಲೆ ಹೆಸರಿರುವವರು ಲೇಖಕರು. ಕಥೆ ಹೇಳುವ ದನಿ ನಿರೂಪಕ. ಕಥೆಯೊಳಗೆ ಬದುಕಿ ಮಾತಾಡುವವರು ಪಾತ್ರಗಳು. 'ನಾನು' ಎಂದು ಶುರುವಾದ ಮಾತ್ರಕ್ಕೆ ಆ ನಾನು ಲೇಖಕರೇ ಆಗಬೇಕಿಲ್ಲ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಂದಾಗ ಸಮುದಾಯದೊಳಗೆ ಎಷ್ಟು ಬಿಸಿ ಚರ್ಚೆಯಾಯಿತೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಅದರಲ್ಲಿ ನಾದಿರಾಳ ತಂದೆ ತನ್ನ ಹಠಕ್ಕಾಗಿ ಮಗಳ ಸಂಸಾರ ಮುರಿಯುತ್ತಾನೆ, ಅದಕ್ಕೆ ದೀನಿನ ಹೆಸರನ್ನೂ ಬಳಸುತ್ತಾನೆ. ಆತನ ಮಾತು ಆತನದು. ಅದು ಶರೀಅತ್ತಿನ ಮಾತಲ್ಲ, ಲೇಖಕಿಯ ಮಾತೂ ಅಲ್ಲ. ಹಾಗೆಂದು ಲೇಖಕಿ ಹೇಳುವುದನ್ನೆಲ್ಲ ಒಪ್ಪಬೇಕೆಂದಿಲ್ಲ. ಕಾದಂಬರಿಯ ನೋಟದೊಂದಿಗೆ ನಮಗೂ ಒಂದೆರಡು ಕಡೆ ತಕರಾರಿದೆ. ಆದರೆ ಯಾರ ಮಾತಿಗೆ ತಕರಾರು ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇದು ನಮಗೆ ಹೊಸ ಪಾಠವೂ ಅಲ್ಲ. ತಾನೇ ಪರಮ ಪ್ರಭು ಎಂದ ಫಿರ್‌ಔನನ ಮಾತು ಕುರ್‌ಆನಿನಲ್ಲೇ (79:24) ಇದೆ. ಆದಮರಿಗಿಂತ ತಾನು ಮೇಲು ಎಂದ ಇಬ್ಲೀಸನ ಮಾತೂ ಇದೆ. ಅವನ್ನು ಓದುವ ಯಾವ ಮುಸ್ಲಿಮನೂ ಕುರ್‌ಆನ್ ಹಾಗೆ ಬೋಧಿಸುತ್ತದೆ ಎನ್ನುವುದಿಲ್ಲ. ಯಾರ ಬಾಯಿಂದ, ಯಾವ ಸಂದರ್ಭದಲ್ಲಿ ಬಂತು, ಮುಂದೆ ಆತನಿಗೆ ಏನಾಯಿತು ಎಂಬುದನ್ನೆಲ್ಲ ಕೂಡಿಸಿ ಓದುತ್ತೇವೆ. ನಮ್ಮ ಗ್ರಂಥಗಳಿಂದ ಅರ್ಧ ಸಾಲು ಕಿತ್ತು ತೋರಿಸುವವರ ಮೇಲೆ ಸಿಟ್ಟಾಗುವ ನಾವು, ಇನ್ನೊಬ್ಬರ ಪುಸ್ತಕದ ಅರ್ಧ ಸಾಲಿನ ಫೋಟೋ ವಾಟ್ಸಾಪಿನಲ್ಲಿ ಬಂದ ಕೂಡಲೇ ಹಾಗೇ ಮುಂದಕ್ಕೆ ಕಳಿಸುತ್ತೇವೆ.

ವ್ಯಂಗ್ಯವನ್ನು ನೇರ ಮಾತೆಂದು ಓದಿದರೆ ಅರ್ಥ ತಲೆಕೆಳಗಾಗುತ್ತದೆ. ಇಬ್ರಾಹೀಮ್(ಅ) ಚಿಕ್ಕ ವಿಗ್ರಹಗಳನ್ನು ಒಡೆದು, ದೊಡ್ಡದೇ ಇದನ್ನು ಮಾಡಿರಬೇಕು, ಮಾತಾಡುವುದಾದರೆ ಅವನ್ನೇ ಕೇಳಿ ಎಂದದ್ದು (21:63) ಆ ಜನ ತಮ್ಮೊಳಗೆ ನೋಡಿಕೊಳ್ಳಲೆಂದು. ನರಕದ ಶಿಕ್ಷೆ ಸವಿಯುವವನಿಗೆ ಬಲಶಾಲಿ, ಗೌರವಾನ್ವಿತ ಎಂಬ ಬಿರುದು ಕೊಟ್ಟಿರುವುದೂ (44:49) ಅಂಥದ್ದೇ. ಕನ್ನಡದಲ್ಲಿ ನಿಸಾರ್ ಅಹಮದರ 'ಕುರಿಗಳು ಸಾರ್ ಕುರಿಗಳು' ಕವಿತೆಯ ಹೆಸರನ್ನೇ ನೋಡಿ. ಮನುಷ್ಯರ ಹೆಸರೆತ್ತದೆ ಕುರಿಗಳೆಂದದ್ದು ಇಸ್ತಿಆರಾ. ನಡುವಿನ 'ಸಾರ್' ಎಂಬ ವಿನಯದ ಪದವೇ ವ್ಯಂಗ್ಯದ ಸುಳಿವು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಎದೆಯ ಹಣತೆ'ಯ ಹೆಸರಿನಲ್ಲೂ ಒಂದು ರೂಪಕವಿದೆ. ಹಣತೆಗೆ ಎಣ್ಣೆ ಬೇಕು, ಗಾಳಿಗೆ ಅದು ಆರಬಹುದು, ಒಂದರಿಂದ ಇನ್ನೊಂದನ್ನು ಹಚ್ಚಬಹುದು. ಇವುಗಳಲ್ಲಿ ಯಾವ ಗುಣವನ್ನು ಎದೆಗೆ ಹೋಲಿಸಿದೆ ಎಂಬುದನ್ನು ಕಥೆ ಓದಿಯೇ ತಿಳಿಯಬೇಕು. ಸಮಾನಧರ್ಮವನ್ನು ಹುಡುಕುವ ಕೆಲಸವನ್ನು ಕವಿಗಳು, ಕಥೆಗಾರರು ಹೆಚ್ಚಾಗಿ ನಮಗೇ ಬಿಟ್ಟಿರುತ್ತಾರೆ. ಪರೀಕ್ಷೆಯಲ್ಲಿ ಲಕ್ಷಣ ಬರೆದು 'ಸಮನ್ವಯ' ಬರೆಯಿರಿ ಎನ್ನುವುದೂ ಇದನ್ನೇ. ಲಕ್ಷಣ ಬಾಯಿಪಾಠದಿಂದ ಬರುತ್ತದೆ, ಸಮನ್ವಯಕ್ಕೆ ಕೊಟ್ಟ ಸಾಲನ್ನು ಓದಲೇಬೇಕು.

ಪತ್ರ ಬರೆದ ಸಹೋದರರಲ್ಲಿ ಕ್ಷಮೆ ಕೇಳಿ ಅವರಿಗೆ ಬೇರೆಯಾಗಿ ಬರೆದಿದ್ದೇವೆ. ಆ ಸಾರಾಂಶ ಬಂದ ಸಂಚಿಕೆಯನ್ನು ಇಟ್ಟುಕೊಂಡವರು ಸದರಿ ಸಾಲನ್ನು ಹೀಗೆ ತಿದ್ದಿಕೊಳ್ಳಬೇಕಾಗಿ ವಿನಂತಿ: "ಕಸ್ತೂರಿ ಮಾರುವವನ ಬಳಿ ಕುಳಿತವನಿಗೆ ಏನೂ ಕೊಳ್ಳದಿದ್ದರೂ ಪರಿಮಳ ತಾಕುವ ಹಾಗೆ, ಉರಿಯುವ ತಿದಿಯ ಬಳಿ ಕುಳಿತವನಿಗೆ ಕೆಲಸ ಮಾಡದಿದ್ದರೂ ಕಿಡಿಯೋ ಹೊಗೆಯೋ ತಾಕುವ ಹಾಗೆ, ಗೆಳೆಯನ ಒಳಿತು ಕೆಡುಕುಗಳು ನಮಗೆ ಅಂಟುತ್ತವೆ."